ಗೋಹಾನ ಕತ್ತೆ, ಅಜ್ಜಿಯ ಕೌದಿ

ಮುಲ್ಲಾ ನಸ್ರುದ್ದೀನರ ಕಥೆ ಕೇಳದೆ ಬೆಳೆದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ಬಹುಶಃ ಯಾರೂ ಇರಲಾರಿರಿ. ಟರ್ಕಿಯವರಿಗೆ ಅವರು ನಸ್ರುದ್ದೀನ್ ಹೋಜಾ. ಅರಬರಲ್ಲಿ ಅಂಥದೇ ಕಥೆಗಳ ನಾಯಕ ಜುಹಾ. ಕೈರೋದವರ ಮಾತಿನಲ್ಲಿ ‘ಜ’ಕಾರ ‘ಗ’ಕಾರವಾಗುವುದರಿಂದ ಅಲ್ಲಿ ಅವನು ಗೋಹಾ. ಈ ಗೋಹಾ ನನಗೆ ಸಿಕ್ಕಿದ್ದು ಕೈರೋದ ಒಂದು ಹೊಲಿಗೆಯ ಬೀದಿಯಲ್ಲಿ.

ಕೈರೋಗೆ ಹೋದರೆ ಪಿರಮಿಡ್ ನೋಡದೆ ನೀವು ಮರಳುವುದಿಲ್ಲ. ಆದರೆ ಒಂದು ಮಧ್ಯಾಹ್ನವನ್ನು ಹಳೆಯ ನಗರಕ್ಕೆಂದು ಎತ್ತಿಡಿ. ಅಲ್ ಅಝ್‌ಹರ್ ಬಳಿಯಿಂದ ಗೂರಿಯಾ ಬೀದಿ ಹಿಡಿದು ದಕ್ಷಿಣಕ್ಕೆ ನಡೆದರೆ ಬಾಬ್ ಝುವೈಲಾ ಎಂಬ ಕೋಟೆ ಬಾಗಿಲು ಸಿಗುತ್ತದೆ. ಕಟ್ಟಿದ್ದು 1092ರಲ್ಲಿ. ಅದರ ಮೇಲೆ ನಿಂತ ಎರಡು ಮಿನಾರಗಳು ಪಕ್ಕದ ಮುಅಯ್ಯದ್ ಮಸೀದಿಯವು. ಬಾಗಿಲು ದಾಟಿ ಮುಂದೆ ಹೋದರೆ ಮರದ ಮಾಡಿನ ಒಂದು ಬೀದಿ. ಬಿಸಿಲು ಸಂದಿಗಳಿಂದ ಮಾತ್ರ ಒಳಗಿಳಿಯುತ್ತದೆ. ಅದೇ ಖಯಾಮಿಯ್ಯಾ, ಡೇರೆ ಹೊಲಿಯುವವರ ಬೀದಿ. 17ನೇ ಶತಮಾನದಿಂದ ಇರುವ ಮಾರುಕಟ್ಟೆ. ಖೈಮಾ ಎಂದರೆ ಡೇರೆ ಎಂದು ಉರ್ದು ಬಲ್ಲ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಇಕ್ಕಟ್ಟಾದ ಅಂಗಡಿಗಳಲ್ಲಿ ಗಂಡಸರು ಚಕ್ಕಳ ಮಕ್ಕಳ ಹಾಕಿ ಕುಳಿತು ಹೊಲಿಯುತ್ತಾರೆ. ಹೌದು, ಅಲ್ಲಿ ಇದು ಗಂಡಸರ ಕೆಲಸ. ಕಾಗದದ ಮೇಲೆ ಬರೆದ ವಿನ್ಯಾಸಕ್ಕೆ ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ತೂತು ಕೊರೆಯುತ್ತಾರೆ. ದಪ್ಪ ಬಟ್ಟೆಯ ಮೇಲೆ ಅದನ್ನಿಟ್ಟು ಇದ್ದಿಲ ಪುಡಿ ಉಜ್ಜಿದರೆ ಚಿತ್ರ ಮೂಡುತ್ತದೆ. ಬಣ್ಣದ ತುಂಡುಗಳನ್ನು ಅಂದಾಜಿನಲ್ಲೇ ಕತ್ತರಿಸಿ, ಅಂಚನ್ನು ಸೂಜಿಯ ತುದಿಯಿಂದಲೇ ಒಳಗೆ ಮಡಚಿ ಹೊಲಿಯುತ್ತಾರೆ. ಮದುವೆ, ಸಾವು, ರಮಝಾನ್ ಎಲ್ಲಕ್ಕೂ ಹಿಂದೆ ಇವರ ಡೇರೆಗಳೇ ಬೇಕಿದ್ದವು. ಈಗ ಯಂತ್ರದಲ್ಲಿ ಅಚ್ಚು ಹಾಕಿದ ಅಗ್ಗದ ಬಟ್ಟೆ ಬಂದಿದೆ. ಹಾಗಾಗಿ ಅನೇಕರು ಗೋಡೆಗೆ ತೂಗುಹಾಕುವ ಚಿತ್ರಗಳನ್ನು ಹೊಲಿದು ಮಾರುತ್ತಾರೆ. ಅಂಥ ಒಂದು ಚಿತ್ರದಲ್ಲಿ ಕತ್ತೆಯ ಮೇಲೆ ಕುಳಿತು ನಗುತ್ತಿದ್ದವನೇ ನಮ್ಮ ಗೋಹಾ. ನಾನು ಅವನನ್ನು ಕೊಂಡುಕೊಂಡೆ.

ಜೊತೆಗೆ ಒಂದು ಪುಸ್ತಕವನ್ನೂ ತಂದೆ. ಹೆಸರು ‘ಗೋಹಾ ದ ವೈಸ್ ಫೂಲ್’, ಅಂದರೆ ಜಾಣ ಪೆದ್ದ ಗೋಹಾ. 2005ರಲ್ಲಿ ಪ್ರಕಟವಾದದ್ದು. ಅರಬಿ ಸಾಹಿತ್ಯವನ್ನು ಇಂಗ್ಲಿಷಿಗೆ ತಂದ ಡೆನಿಸ್ ಜಾನ್ಸನ್ ಡೇವಿಸ್ ಇದರಲ್ಲಿ ಗೋಹಾನ ಕಥೆಗಳನ್ನು ಮಕ್ಕಳಿಗಾಗಿ ಹೇಳಿದ್ದಾರೆ. ಅದರ ಚಿತ್ರಗಳು ಕುಂಚದಿಂದ ಬರೆದವಲ್ಲ, ಕೈರೋದ ಇಬ್ಬರು ಡೇರೆ ಹೊಲಿಯುವವರು ಬಟ್ಟೆಯಲ್ಲಿ ಹೊಲಿದವು.

ನಾನು ಧಾರವಾಡದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುತ್ತೇನೆ. ಆ ವರ್ಷ ನನ್ನ ತರಗತಿಗೆ ಒಬ್ಬ ಹೊಸ ಹುಡುಗಿ ಬಂದಿದ್ದಳು. ಮನೆಯ ಮಾತು ದಖನಿ. ಮೊದಲ ವಾರ ಕನ್ನಡದಲ್ಲಿ ‘ಅಪ್ಪ ಬಂದಳು’ ಎಂದಳು, ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅಂದಿನಿಂದ ಅವಳು ಬಾಯಿ ತೆರೆದಿರಲಿಲ್ಲ. ಹಾಜರಿ ಕರೆದಾಗಲೂ ಕೈ ಎತ್ತುವಳು, ಅಷ್ಟೆ.

ಒಂದು ದಿನ ಬಟ್ಟೆಯ ಗೋಹಾನನ್ನು ಕಪ್ಪು ಹಲಗೆಯ ಮೇಲೆ ತೂಗುಹಾಕಿದೆ. ಸುತ್ತ ಸುಣ್ಣದ ಕಡ್ಡಿಯಿಂದ ಒಂಬತ್ತು ಕತ್ತೆಗಳನ್ನು ಬರೆದೆ. ಕಥೆ ನಿಮಗೂ ಗೊತ್ತಿರಬಹುದು. ಗೋಹಾ ಹತ್ತು ಕತ್ತೆಗಳೊಂದಿಗೆ ಸಂತೆಗೆ ಹೊರಡುತ್ತಾನೆ. ಒಂದರ ಮೇಲೆ ಕುಳಿತು ಎಣಿಸಿದರೆ ಒಂಬತ್ತೇ! ಗಾಬರಿಯಿಂದ ಇಳಿದು ಎಣಿಸಿದರೆ ಹತ್ತು. ಮತ್ತೆ ಹತ್ತಿದರೆ ಒಂಬತ್ತು. ನಾನು ಗಂಭೀರವಾಗಿ ಒಂದೊಂದೇ ಕತ್ತೆಯ ಮೇಲೆ ಬೆರಳಿಟ್ಟು ಎಣಿಸಿದೆ. ಮಕ್ಕಳೂ ‘ಒಂಬತ್ತು’ ಎಂದು ಕೂಗಿದರು. “ಹತ್ತನೆಯದು ಎಲ್ಲಿ ಹೋಯಿತು?” ಎಂದೆ.

ಆ ಹುಡುಗಿ ಎದ್ದು ಬಂದು ಗೋಹಾನ ಕೆಳಗೆ ಕೈಯಿಟ್ಟಳು. “ಟೀಚರ್, ಬೈಠೇ ಸೋ ಗಧಾ!”

ಕೂತಿರುವ ಕತ್ತೆ! ಒಂದು ಕ್ಷಣ ಮೌನ. ಆಮೇಲೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಈ ಸಲ ಮಕ್ಕಳು ನಕ್ಕಿದ್ದು ಗೋಹಾನನ್ನು ನೋಡಿ. ಅವಳೂ ನಕ್ಕಳು. ಚಿತ್ರ ಓದಲು ಕನ್ನಡದ ಲಿಂಗ ವಚನ ಬೇಕಾಗಿರಲಿಲ್ಲ.

ಮರುದಿನ ಪುಸ್ತಕದ ಚಿತ್ರಗಳನ್ನು ತೋರಿಸಿದಾಗ ಅವಳೇ ಮೊದಲು ಗುರುತಿಸಿದಳು: “ನನ್ನ ದಾದಿ ಹಿಂಗ ಹೊಲೀತಾಳ.” ಕೌದಿಯ ಮಾತು! ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಕೂಡಿಸಿ ನಮ್ಮ ಕಡೆಯ ಹೆಂಗಸರು ಹೊಲಿಯುವ ಹೊದಿಕೆ. ಹೇಳಿ ಕಳಿಸಿದೆ. ಎಂದೂ ಶಾಲೆಯ ಮೆಟ್ಟಿಲು ಹತ್ತದ ಆ ಅಜ್ಜಿ ಸೂಜಿ ದಾರ ಹಿಡಿದು ಬಂದರು. ಅಂಚು ಮಡಚುವುದನ್ನು ಮಕ್ಕಳಿಗೆ ಕಲಿಸಿದರು. ದರ್ಜಿಯ ಅಂಗಡಿಯ ಚಿಂದಿಗಳಿಂದ ವಾರದೊಳಗೆ ಹತ್ತು ಕತ್ತೆಗಳ ಕೌದಿಯೊಂದು ಸಿದ್ಧವಾಯಿತು. ಅಜ್ಜಿಯ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದವಳು ಮೊಮ್ಮಗಳು. ಲಿಂಗ ಆಗಲೂ ತಪ್ಪುತ್ತಿತ್ತು. ಯಾರೂ ನಗಲಿಲ್ಲ.

ನೀವು ಶಿಕ್ಷಕಿಯಾಗಿರಿ, ತಾಯಿಯಾಗಿರಿ, ಮಕ್ಕಳ ಮುಂದೆ ನಗೆಯ ಪುಸ್ತಕ ತೆರೆದಾಗ ಅವಸರ ಮಾಡಬೇಡಿ. ಓದುವ ಮೊದಲು ಚಿತ್ರವನ್ನು ನೋಡಲು ಬಿಡಿ. “ಏನು ಕಾಣಿಸುತ್ತಿದೆ?” ಎಂದಷ್ಟೇ ಕೇಳಿ, ಉತ್ತರ ಮನೆಮಾತಿನಲ್ಲಿ ಬಂದರೂ ಸ್ವೀಕರಿಸಿ. ನಗೆಯ ಗುಟ್ಟನ್ನು ನೀವೇ ಬಿಡಿಸಿ ಹೇಳಬೇಡಿ. ಕುಂಟನನ್ನೋ ಬಡವನನ್ನೋ ನೋಡಿ ನಗಿಸುವ ಪುಸ್ತಕವನ್ನು ಬದಿಗಿಡಿ. ಕಥೆಯ ದೊಡ್ಡವನಿಗೆ ಕಾಣದ್ದು ಪುಟ್ಟ ಓದುಗರಿಗೆ ಕಾಣುವಂಥದ್ದನ್ನು ಆರಿಸಿ.

ಆ ಕೌದಿ ಈಗಲೂ ನನ್ನ ತರಗತಿಯ ಗೋಡೆಯ ಮೇಲಿದೆ. ಈ ವರ್ಷ ಬಂದ ಮಕ್ಕಳೂ ಎಣಿಸಿ ‘ಒಂಬತ್ತು’ ಎಂದರು. ನಾನು ಸುಮ್ಮನೆ ಕಾದು ನಿಂತೆ.