ಶ್ರೀರಾಂಪುರದಿಂದ ಸಾದರ ಪತ್ರಪ್ಪ ರಸ್ತೆಗೆ

ಮಲ್ಲೇಶ್ವರದ ಪಡುವಣ ಅಂಚಿನ ರೈಲುಹಾದಿಯನ್ನು ದಾಟಿದರೆ ಶ್ರೀರಾಂಪುರ. ಸಂಪಿಗೆ, ಮಾರ್ಗೋಸ ಎಂದು ಮರಗಳ ಹೆಸರು ಹೊತ್ತ ನೇರವಾದ ಬೀದಿಗಳೆಲ್ಲ ಆಚೆಯ ಪಾಲಿಗೆ ಬಂದವು. ಈಚೆಗೆ ಉಳಿದುವು ಓಣಿಗಳು. ಮನೆಗೆ ಮನೆ ಒರಗಿಕೊಂಡು, ಕೆಳಗೆ ಅಂಗಡಿ, ನಡುವೆ ಸಂಸಾರ, ಮೇಲೆ ನೀರಿನ ತೊಟ್ಟಿ, ತೊಟ್ಟಿಯ ಪಕ್ಕದಲ್ಲಿ ಇನ್ನೊಂದು ಬಾಡಿಗೆಯ ಕೊಠಡಿ, ಹೀಗೆ ನೆಲ ಸಾಲದ ಊರು ಆಕಾಶದ ಕಡೆಗೆ ಬೆಳೆದಿದೆ. ಗಿರಣಿಯ ಕೂಗಿಗೆ ಏಳುತ್ತಿದ್ದ ಜನ ಒಂದು ಕಾಲಕ್ಕೆ ಇಲ್ಲಿ ಬಹಳ. ಆ ಗಿರಣಿಯ ನೆಲದ ಮೇಲೆ ೨೦೧೦ರಲ್ಲಿ ಮಂತ್ರಿ ಮಾಲ್ ತೆರೆಯಿತು. ೨೦೧೪ರ ಮಾರ್ಚಿಯಿಂದ ಮೆಟ್ರೋ ರೈಲು ಮಾಳಿಗೆಗಳ ಮಟ್ಟದಲ್ಲಿ ಓಡಾಡುತ್ತಿದೆ.

ಇಲ್ಲಿಯ ಒಂದು ಮೇಲ್ಮಹಡಿಯಲ್ಲಿ, ತಗಡಿನ ಚಾವಣಿಯ ಕೆಳಗೆ, ನಮ್ಮ ಸ್ನೇಹಿತರೊಬ್ಬರು ಮದುವೆಗಳ ವಿಡಿಯೋ ತೆಗೆದು ಜೀವನ ಮಾಡುತ್ತಾರೆ. ತಮ್ಮ ಹಳೆಯ ಕಂಪ್ಯೂಟರು ಒಂದು ಮದುವೆಯನ್ನು ಅಡಕಮಾಡಿ ಮುಗಿಸುವಷ್ಟರಲ್ಲಿ ಮದುವಣಗಿತ್ತಿ ಮೊದಲ ಬಾರಿಗೆ ತವರಿಗೆ ಬಂದು ಹೋಗಿರುತ್ತಾಳೆಂದು ಅವರೇ ನಗುತ್ತಾರೆ. ನಗುವಂತಿಲ್ಲದ ಸಂಗತಿಯೂ ಒಂದುಂಟು. ಅವರ ಬೀರುವಿನಲ್ಲಿ ನೆರೆಹೊರೆಯವರು ತಂದುಕೊಟ್ಟ ಹಳೆಯ ವಿ.ಎಚ್.ಎಸ್. ಕ್ಯಾಸೆಟ್ಟುಗಳು ಸಾಲಾಗಿ ಕಾದಿವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ. ಒಂದನ್ನು ತಂದ ಹೆಂಗಸು, "ಅಮ್ಮನ ದನಿ ಉಳಿದಿರೋದು ಇದೊಂದರಲ್ಲೇ ಅಣ್ಣ, ಆರತಿ ಹಾಡು ಹೇಳಿದಾರೆ" ಎಂದು ಸೆರಗಿನಲ್ಲಿ ಸುತ್ತಿದ್ದುದನ್ನು ಬಿಚ್ಚಿ ಕೊಟ್ಟರಂತೆ. ಈ ಎರಡು ಬಗೆಯ ಕೆಲಸಕ್ಕೂ ಒದಗುವ ಪ್ರೊಸೆಸರ್ ಕೊಳ್ಳಲು ಅವರು ಹೊರಟ ದಿನ ನಾನೂ ಜೊತೆಗೂಡಿದೆನು.

ಚಿಕ್ಕಪೇಟೆ ಇಲ್ಲಿಂದ ಮೂರನೆಯ ನಿಲ್ದಾಣ. ಸಂಪಿಗೆ ರಸ್ತೆಯನ್ನು ದಾಟಿದೊಡನೆ ಬಂಡಿ ಭೂಮಿಯೊಳಕ್ಕೆ ಇಳಿಯುತ್ತದೆ. ೨೦೧೭ರ ಜೂನಿನಲ್ಲಿ ತೆರೆದ ಸುರಂಗವಿದು. ಚಿಕ್ಕಪೇಟೆಯಲ್ಲಿ ಮೇಲಕ್ಕೆ ಬಂದರೆ ರೇಷ್ಮೆ ಸೀರೆಗಳ ಸಾಲು, ಅವೆನ್ಯೂ ರಸ್ತೆಯಲ್ಲಿ ಪುಸ್ತಕಗಳ ರಾಶಿ, ನಗರ್ತಪೇಟೆಯ ಗಲ್ಲಿಗಳನ್ನು ಹಾಯ್ದರೆ ಸಾದರ ಪತ್ರಪ್ಪ ರಸ್ತೆ. ಜನರ ಬಾಯಲ್ಲಿ ಅದು ಎಸ್.ಪಿ. ರೋಡ್. ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಕಿರಿದಾದ ಅಂಗಡಿಗಳಲ್ಲಿ ಚಾವಣಿಯವರೆಗೆ ರಟ್ಟಿನ ಪೆಟ್ಟಿಗೆಗಳು. ಹೊಸ ಯಂತ್ರದ ಮಿದುಳೂ ಸತ್ತ ಯಂತ್ರದ ತಂತಿಯೂ ಒಂದೇ ಹಲಗೆಯ ಮೇಲೆ. ಬೆಂಗಳೂರಿನ ಕಂಪ್ಯೂಟರಿನ ಕೀರ್ತಿಯನ್ನು ಗಾಜಿನ ಸೌಧಗಳಲ್ಲಿ ಹುಡುಕುವವರು ಒಮ್ಮೆ ಈ ಬೀದಿಯಲ್ಲಿಯೂ ನಡೆಯತಕ್ಕದ್ದು.

ಇಲ್ಲಿ ಕೊಳ್ಳುವವನಿಗೆ ಮೊದಲು ತಿಳಿದಿರಬೇಕಾದುದು ತನ್ನ ಕೆಲಸದ ಸ್ವರೂಪ. ಈಗಿನ ಫೋರ್‌ಕೆ ಚಿತ್ರವೊಂದರಲ್ಲಿ ೩೮೪೦ಕ್ಕೆ ೨೧೬೦, ಎಂದರೆ ಸುಮಾರು ೮೩ ಲಕ್ಷ ಬಿಂದುಗಳು. ಸೆಕೆಂಡಿಗೆ ೨೫ರಂತೆ ಮೂರು ಗಂಟೆಯ ಚಿತ್ರಗಳನ್ನು ಹಾಗೆಯೇ ಇಟ್ಟರೆ ೩ ಟೆರಾಬೈಟನ್ನು ಮೀರುತ್ತದೆ. ಆದುದರಿಂದ ಒಂದು ಚಿತ್ರವನ್ನು ಪೂರ್ತಿಯಾಗಿಟ್ಟು, ಮುಂದಿನವುಗಳಲ್ಲಿ ಯಾವ ಚೂರು ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದನ್ನು ಮಾತ್ರ ಬರೆದಿಡುತ್ತಾರೆ. ಇದೇ ಎನ್‌ಕೋಡಿಂಗ್. ೨೦೦೩ರ ಎಚ್.೨೬೪, ೨೦೧೩ರ ಎಚ್.೨೬೫, ೨೦೧೮ರ ಎವಿ೧, ಇವು ಹಾಗೆ ಬರೆದಿಡುವ ಕ್ರಮಗಳು; ಒಂದಕ್ಕಿಂತ ಒಂದು ಹೆಚ್ಚು ಅಡಕ, ಹೆಚ್ಚು ಶ್ರಮ. ಸರಿದ ಚೂರನ್ನು ಹುಡುಕುವುದರಲ್ಲಿಯೇ ಪ್ರೊಸೆಸರಿನ ಬೆವರು ಇಳಿಯುತ್ತದೆ.

ಕೋರ್‌ಗಳು ಹೆಚ್ಚಿದಷ್ಟೂ ಕೆಲಸ ಬೇಗ ಎಂಬ ನಂಬಿಕೆ ಬೀದಿಯಲ್ಲೆಲ್ಲ ಇದೆ. ಅದು ಅರ್ಧ ಮಾತ್ರ ನಿಜ. ಮದುವೆಮನೆಯ ಪಂಕ್ತಿಯನ್ನು ನೆನೆಯಿರಿ. ಉಪ್ಪು ಬಡಿಸುವವನು ಎರಡು ಎಲೆ ಮುಂದೆ ಹೋದಮೇಲೆ ಕೋಸಂಬರಿಯವನು ಹೊರಡುತ್ತಾನೆ, ಅವನು ಎರಡು ಎಲೆ ಮುಂದಾದಮೇಲೆ ಪಲ್ಯದವನು. ಬಗೆ ಒಂಬತ್ತೇ ಇದ್ದರೆ ಹತ್ತನೆಯವನು ಸೌಟು ಹಿಡಿದು ಗೋಡೆಗೆ ಒರಗಬೇಕಾದುದೇ. ಎಚ್.೨೬೫ಕ್ಕೆ ಬಳಸುವ ಎಕ್ಸ್೨೬೫ ತಂತ್ರಾಂಶ ಚಿತ್ರವನ್ನು ೬೪ ಬಿಂದು ಎತ್ತರದ ಚೌಕಗಳ ಸಾಲುಗಳಾಗಿ ವಿಂಗಡಿಸಿ, ಮೇಲಿನ ಸಾಲು ಎರಡು ಚೌಕ ಮುಂದುವರಿದಮೇಲೆ ಕೆಳಗಿನದನ್ನು ಹಿಡಿಯುತ್ತದೆ. ಕ್ಯಾಸೆಟ್ಟಿನ ಚಿತ್ರದ ಎತ್ತರ ೫೭೬ ಬಿಂದು, ಸಾಲು ಒಂಬತ್ತು. ಫೋರ್‌ಕೆ ಚಿತ್ರದಲ್ಲಿ ಮೂವತ್ತನಾಲ್ಕು. ಮುಂದಿನ ಕೆಲವು ಚಿತ್ರಗಳನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳುವ ಉಪಾಯವಿದೆಯಾದರೂ, ಹದಿನಾರು ಕೋರಿನ ಯಂತ್ರಕ್ಕೆ ಒಂದೇ ಹಳೆಯ ಕ್ಯಾಸೆಟ್ಟನ್ನು ಕೊಟ್ಟರೆ ಅದರ ಬಲ ಬಹುಪಾಲು ಗೋಡೆಗೆ ಒರಗಿ ನಿಲ್ಲುತ್ತದೆ. ಎರಡು ಕ್ಯಾಸೆಟ್ಟುಗಳ ಕೆಲಸವನ್ನು ಒಟ್ಟಿಗೆ ಹಚ್ಚುವುದು ಜಾಣತನ.

"ಗೇಮಿಗೋ ಎಡಿಟಿಂಗಿಗೋ ಸಾರ್?" ಎಂದರು ಅಂಗಡಿಯವರು. ಎನ್‌ಕೋಡಿಂಗಿಗೆ ಎಂದೊಡನೆ ಎರಡು ಪೆಟ್ಟಿಗೆ ಕೆಳಗಿಳಿದುವು. ಒಂದು ಇಂಟೆಲಿನದು. ಇಂಟೆಲ್ ೨೦೧೧ರಿಂದ ಕ್ವಿಕ್ ಸಿಂಕ್ ಎಂಬ, ಇದೊಂದೇ ಕೆಲಸಕ್ಕೆ ಕಡೆದ ಭಾಗವನ್ನು ಪ್ರೊಸೆಸರಿನೊಳಗೇ ಕೂಡಿಸುತ್ತ ಬಂದಿದೆ. ಕೋರ್‌ಗಳು ಗಂಟೆಗಟ್ಟಲೆ ಮಾಡುವುದನ್ನು ಅದು ಬಹು ಬೇಗ ಮುಗಿಸುತ್ತದೆ. ಆದರೆ ಹೆಸರಿನ ತುದಿಗೆ 'ಎಫ್' ಅಕ್ಷರವುಳ್ಳವುಗಳಲ್ಲಿ ಈ ಭಾಗ ಕೆಲಸಮಾಡದು. ಅಂಗಡಿಯವರು ಮುಂದಿಟ್ಟದ್ದು ಎಫ್! ಬೆಲೆ ಕಡಮೆ, ಹೊಳಪು ಅಷ್ಟೇ. ನೋಡದೆ ಕೊಂಡವನು ಮನೆಗೆ ಹೋಗಿ ಹಣೆ ಚಚ್ಚಿಕೊಳ್ಳಬೇಕು. ಇದಲ್ಲದೆ ಆ ವೇಗಕ್ಕೂ ಒಂದು ಬೆಲೆಯುಂಟು. ಅಷ್ಟೇ ಗಾತ್ರದ ಕಡತದಲ್ಲಿ ನಿಧಾನವಾಗಿ ಮಾಡಿದ ತಂತ್ರಾಂಶದ ಕೆಲಸ ಹೆಚ್ಚು ಸ್ವಚ್ಛ. ನಾಳೆಯೇ ವರನ ಕಡೆಯವರ ಫೋನಿಗೆ ಕಳುಹಿಸಬೇಕಾದ ತುಣುಕಿಗೆ ವೇಗ ಸಾಕು. ಅಮ್ಮನ ಆರತಿಯ ಹಾಡಿಗೆ ನಿಧಾನವೇ ತಕ್ಕದ್ದು. ಸವೆದ ಕ್ಯಾಸೆಟ್ಟಿನ ಮರಳುಮರಳಾದ ಚಿತ್ರದಲ್ಲಿ ಮುಖ ಯಾವುದು, ಕಸ ಯಾವುದು ಎಂಬುದನ್ನು ಅವಸರದ ಯಂತ್ರ ಸರಿಯಾಗಿ ಬಿಡಿಸಲಾರದು.

ಇನ್ನೊಂದು ಪೆಟ್ಟಿಗೆ ಎಎಂಡಿಯದು. ಅದರಲ್ಲಿ ಹದಿನಾರು ಕೋರಿನ ರೈಜನ್ ೯ ೭೯೫೦ಎಕ್ಸ್ ಉಂಟು, ೨೦೨೩ರಲ್ಲಿ ಬಂದ ಹನ್ನೆರಡು ಕೋರಿನ ೭೯೦೦ ಉಂಟು. ಸ್ನೇಹಿತರ ಕಣ್ಣು ಮೊದಲನೆಯದರ ಮೇಲೆ. ಆದರೆ ಅದು ಪೂರ್ತಿ ದುಡಿಯುವಾಗ ೨೩೦ ವ್ಯಾಟಿನವರೆಗೆ ಎಳೆಯುತ್ತದೆ. ಎರಡನೆಯದರ ಮಿತಿ ೮೮. ರಾತ್ರಿ ಹತ್ತು ಗಂಟೆಗಳ ಕೆಲಸಕ್ಕೆ ಒಂದು ೨.೩ ಯೂನಿಟ್ ವಿದ್ಯುತ್ತನ್ನೂ ಇನ್ನೊಂದು ಒಂದು ಯೂನಿಟ್ಟಿಗೂ ಕಡಮೆಯನ್ನೂ ನುಂಗುತ್ತದೆ. ಬಿಲ್ಲಿಗಿಂತ ಮುಖ್ಯವಾದುದು ಕಾವು. ಶ್ರೀರಾಂಪುರದ ತಗಡಿನ ಕೆಳಗೆ ಚೈತ್ರಮಾಸದಲ್ಲಿ ಇನ್ನೊಂದು ಒಲೆ ಹೊತ್ತಿಸುವವರುಂಟೆ? ದೊಡ್ಡದಕ್ಕೆ ತಂಪುಮಾಡುವ ಸಾಧನವನ್ನು ಬೇರೆ ಕೊಳ್ಳಬೇಕು. ಚಿಕ್ಕದರ ಪೆಟ್ಟಿಗೆಯಲ್ಲಿಯೇ ಫ್ಯಾನು ಬರುತ್ತದೆ.

ಅವರು ಲೆಕ್ಕ ಹಾಕುತ್ತಿದ್ದಾಗ ನನ್ನ ಮನಸ್ಸು ಬೇರೆ ಕಡೆಗೆ ಹರಿಯಿತು. ಆರು ಕೋರಿನ ಡನಿಂಗ್ಟನ್ ಎಂಬ ಸರ್ವರ್ ಪ್ರೊಸೆಸರನ್ನು ಇಂಟೆಲ್ ೨೦೦೮ರಲ್ಲಿ ಹೊರತಂದಾಗ ಅದನ್ನು ರೂಪಿಸಿದವರು ಈ ಊರಿನ ತಂಡದವರು. ೨೦೦೧ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇತ್ತಿಯಂ ಸಂಸ್ಥೆ ಬರೆದ ಎಚ್.೨೬೫ ಬಿಡಿಸುವ ತಂತ್ರಾಂಶ ಆಂಡ್ರಾಯ್ಡ್ ಫೋನುಗಳಲ್ಲಿ ಸೇರಿದೆ. ನಮ್ಮವರು ಕಡೆದದ್ದು ಲೋಕವನ್ನೆಲ್ಲ ಸುತ್ತಿ, ಪೆಟ್ಟಿಗೆಯಲ್ಲಿ ಕುಳಿತು, ಪೇಟೆಯ ಗಲ್ಲಿಗೆ ಮರಳುತ್ತದೆ. ಚೌಕಾಸಿ ಮಾತ್ರ ಹಳೆಯ ಚಿಕ್ಕಪೇಟೆಯದೇ.

ಕೊನೆಗೆ ಹನ್ನೆರಡರದನ್ನೇ ತೆಗೆದುಕೊಂಡರು. ಮುದ್ರೆ ಒಡೆದಿಲ್ಲವೆಂದು ನೋಡಿ, ಪೆಟ್ಟಿಗೆಯ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಯಿಸಿದರು. ಇಲ್ಲದಿದ್ದರೆ ವಾರಂಟಿಯ ಕಾಲಕ್ಕೆ ಜಗಳವೇ. ಉಳಿದ ಹಣದಲ್ಲಿ ಮದರ್‌ಬೋರ್ಡಿಗೆ ಒಪ್ಪುವ ಡಿಡಿಆರ್೫ ನೆನಪುಪಟ್ಟಿಗಳನ್ನು ಕೊಂಡರು.

ಇನ್ನು ಉಳಿದುದು ಕ್ಯಾಸೆಟ್ಟನ್ನು ಓಡಿಸುವ ಯಂತ್ರ. ಪ್ರೊಸೆಸರ್ ಎಷ್ಟೇ ವೇಗದ್ದಾಗಲಿ, ಮೂರು ಗಂಟೆಯ ಕ್ಯಾಸೆಟ್ಟಿನಿಂದ ಚಿತ್ರ ಹೊರಬರುವುದಕ್ಕೆ ಮೂರು ಗಂಟೆಯೇ ಬೇಕು. ಅಂಥ ಯಂತ್ರಗಳನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯಿ ಸಂಸ್ಥೆ ೨೦೧೬ರ ಜುಲೈಯಲ್ಲಿ ಕೈಬಿಟ್ಟಿತು. ಸ್ನೇಹಿತರು ಅದೇ ರಸ್ತೆಯ ಇನ್ನೊಂದು ಅಂಗಡಿಗೆ ನಡೆದು, ತಮ್ಮ ಹಳೆಯ ವಿ.ಸಿ.ಆರ್.ಗೆ ಒಂದು ರಬ್ಬರ್ ಬೆಲ್ಟು ಕೇಳಿದರು. ಅಂಗಡಿಯ ಮುದುಕರು ಡಬ್ಬಿಯೊಂದನ್ನು ಮೇಜಿನ ಮೇಲೆ ಸುರಿದು ಬೆರಳಲ್ಲಿ ಹುಡುಕತೊಡಗಿದರು. ಸಿಕ್ಕಿದುದು ಎರಡು, ಎರಡನ್ನೂ ಕೊಂಡೆವು.