ತಾಂಡಾದ ನಾಯಕರೂ ಪಂಚಾಯ್ತಿಯ ಠರಾವೂ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ತಾಲ್ಲೂಕುಗಳಲ್ಲಿ ಓಡಾಡಿದವರಿಗೆ ಲಂಬಾಣಿ ತಾಂಡಾಗಳು ಅಪರಿಚಿತವಲ್ಲ. ದೊಡ್ಡ ಊರಿನಿಂದ ಒಂದೆರಡು ಮೈಲಿ ದೂರದಲ್ಲಿ, ಗುಡ್ಡದ ಓರೆಯಲ್ಲೋ ನೀಲಗಿರಿ ತೋಪಿನ ಅಂಚಿನಲ್ಲೋ ಐವತ್ತು-ನೂರು ಮನೆಗಳು, ನಡುವೆ ಸೇವಾಲಾಲರ ಹಾಗೂ ಮರಿಯಮ್ಮನ ಗುಡಿ, ಗುಡಿಯ ಮುಂದೆ ಒಂದು ಬೇವಿನ ಮರ, ಮರದ ಸುತ್ತ ಬಯಲು. ಊರಿನವರಾದ ನಾವು ಅದನ್ನು ನಮ್ಮೂರಿನ ಒಂದು ದೂರದ ಓಣಿಯೆಂದೇ ಭಾವಿಸಿದ್ದೆವು. ಸರ್ಕಾರದ ಕಾಗದಪತ್ರಗಳೂ ಬಹುಕಾಲ ಹಾಗೆಯೇ ಭಾವಿಸಿದ್ದವು. ಆದರೆ ತಾಂಡಾಕ್ಕೆ ತನ್ನದೇ ಆದ ಒಂದು ಸರ್ಕಾರವುಂಟು. ರಾಣೇಬೆನ್ನೂರು ತಾಲ್ಲೂಕಿನ ಒಂದು ತಾಂಡಾದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಕೆಲಸ ಮಾಡಿದ ಹನ್ನೊಂದು ವರ್ಷಗಳಲ್ಲಿ ಆ ಸರ್ಕಾರವನ್ನು ಹತ್ತಿರದಿಂದ ಕಂಡಿದ್ದೇನೆ. ತಾಂಡಾದ ಹೆಸರನ್ನಾಗಲಿ ಅಲ್ಲಿಯ ಹಿರಿಯರ ಹೆಸರುಗಳನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅವರ ಮನೆಯ ಮಾತುಗಳನ್ನು ಹೇಳಲು ಹೊರಟಾಗ ಅಷ್ಟು ಮರ್ಯಾದೆ ಬೇಕು.

ನಾಯಕ, ಡಾವ, ಕಾರಭಾರಿ ಎಂಬುವು ಆ ಸರ್ಕಾರದ ಮೂರು ಪದವಿಗಳು. ಕೊನೆಯ ಮಾತು ನಾಯಕನದು. ಡಾವ ಸಲಹೆ ಹೇಳುವ ಹಿರಿಯ. ತೀರ್ಮಾನವಾದುದನ್ನು ಮನೆಮನೆಗೆ ಮುಟ್ಟಿಸಿ ನಡೆಸಿಕೊಡುವವನು ಕಾರಭಾರಿ. ಇವರು ಕರೆಯುವ ಕೂಟಕ್ಕೆ ನಸಾಬ್ ಎನ್ನುತ್ತಾರೆ. ಮದುವೆಯ ಮಾತುಕತೆ, ಗಂಡಹೆಂಡಿರ ಜಗಳ, ಸಾಲದ ತಕರಾರು, ದಂಡ, ಶ್ರಾವಣದಲ್ಲಿ ತೀಜ್ ಹಬ್ಬಕ್ಕೆ ಹುಡುಗಿಯರು ಗೋಧಿಯ ಸಸಿ ಬಿತ್ತಲು ಅಪ್ಪಣೆ, ಎಲ್ಲವೂ ಅಲ್ಲಿಯೇ. ತಾಂಡಾ ಎಂಬ ಶಬ್ದಕ್ಕೆ ಮೂಲದಲ್ಲಿ ಸಾಗುವ ತಂಡವೆಂದೇ ಅರ್ಥ. ಸಾವಿರಾರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ನಾಡಿನಿಂದ ನಾಡಿಗೆ ನಡೆದವರು ಇವರು. ಮೊಗಲರ ದಕ್ಷಿಣದ ದಂಡಯಾತ್ರೆಗಳಿಗೂ, ಮುಂದೆ 1791-92ರಲ್ಲಿ ಟಿಪ್ಪುವಿನ ಮೇಲೆ ಏರಿಬಂದ ಕಾರ್ನ್‌ವಾಲಿಸನ ದಂಡಿಗೂ ಕಾಳು ಒದಗಿಸಿದವರು ಬಣಜಾರರು. ಅಷ್ಟು ಜನ, ಅಷ್ಟು ದನ ದಾರಿಯಲ್ಲಿರುವಾಗ ಒಬ್ಬನ ಮಾತು ನಡೆಯದಿದ್ದರೆ ಗತಿಯೇನು? ರಸ್ತೆ, ರೈಲು ಬಂದು ಹೇರೆತ್ತಿನ ವ್ಯಾಪಾರ ಮುರಿದುಬಿದ್ದ ಮೇಲೆ ತಾಂಡಾ ನಿಂತಿತು. ಅದನ್ನು ನಡೆಸುತ್ತಿದ್ದ ಕಟ್ಟಳೆ ಮಾತ್ರ ಉಳಿಯಿತು.

ಇನ್ನೊಂದು ಸರ್ಕಾರ ಪಂಚಾಯ್ತಿಯದು. ಅದು ನಮ್ಮೆಲ್ಲರಿಗೂ ಗೊತ್ತಿರುವಂಥದು. 1987ರಲ್ಲಿ ಮಂಡಲ ಪಂಚಾಯ್ತಿಗಳು ಬಂದವು, 1993ರ ಕಾಯ್ದೆಯಿಂದ ಗ್ರಾಮ ಪಂಚಾಯ್ತಿಗಳಾದವು. ತಾಂಡಾದಿಂದ ಒಬ್ಬರೋ ಇಬ್ಬರೋ ಸದಸ್ಯರು ಆರಿಸಿ ಬರುತ್ತಿದ್ದರು. ಆ ಕಾಯ್ದೆಯಲ್ಲಿ ನಾಯಕನ ಹೆಸರು ಎಲ್ಲಿಯೂ ಇಲ್ಲ. ಇದಕ್ಕೊಂದು ಹಿನ್ನೆಲೆಯಿದೆ. ಒಂದೇ ಭಾಷೆಯಾಡುವ, ಒಂದೇ ದೇವರಿಗೆ ನಡೆದುಕೊಳ್ಳುವ ಈ ಜನ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ, ನಮ್ಮ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಬುಡಕಟ್ಟಿನ ರೂಢಿಯ ಆಡಳಿತವನ್ನು ಪಂಚಾಯ್ತಿಯೊಳಗೆ ಮಾನ್ಯ ಮಾಡುವ 1996ರ ಕೇಂದ್ರ ಕಾಯ್ದೆಯೊಂದಿದೆ. ಅದು ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳಿಗಷ್ಟೇ ಅನ್ವಯ. ನಮ್ಮ ರಾಜ್ಯದಲ್ಲಿ ಅಂಥ ಪ್ರದೇಶವೇ ಇಲ್ಲ. ಹೀಗಾಗಿ ಬೇವಿನ ಮರದ ಕೆಳಗಿನ ಸರ್ಕಾರಕ್ಕೂ ಹಂಚಿನ ಕಟ್ಟಡದ ಸರ್ಕಾರಕ್ಕೂ ನಡುವೆ ಇದ್ದುದು ಎರಡು ಮೈಲಿ ಕಚ್ಚಾ ರಸ್ತೆ ಮಾತ್ರ. ಮಳೆಗಾಲದಲ್ಲಿ ಅದೂ ಇರುತ್ತಿರಲಿಲ್ಲ.

ಈ ಎರಡು ಸರ್ಕಾರಗಳು ಒಮ್ಮೆ ಕೂಡಿ ಕೆಲಸ ಮಾಡಿದ್ದನ್ನು ನಾನು ಕಂಡೆ. ಅದನ್ನು ಹೇಳಬೇಕೆಂದೇ ಇಷ್ಟೆಲ್ಲ ಪೀಠಿಕೆ.

2001ರಿಂದ ಮೂರು ವರ್ಷ ಸಾಲಾಗಿ ಬಿದ್ದ ಬರಗಾಲವನ್ನು ನಮ್ಮ ಕಡೆಯವರು ಮರೆತಿರಲಾರರು. ಬೇರೆ ವರ್ಷಗಳಲ್ಲಿ ತಾಂಡಾದ ಅರ್ಧ ಜನ ದುಡಿಯಲು ಹೋಗುತ್ತಿದ್ದರೆ ಆಗ ಮುಕ್ಕಾಲು ಜನ ಹೊರಟರು. ದೀಪಾವಳಿಯ ರಾತ್ರಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡುವುದು ಮುಗಿಯುತ್ತಿದ್ದಂತೆ ಮುಕಾದಮನ ಲಾರಿ ಬಂದು ನಿಲ್ಲುತ್ತಿತ್ತು. ಕೆಲವರು ಮಂಡ್ಯದ ಕಡೆಗೆ ಕಬ್ಬು ಕಡಿಯಲು, ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಉಳಿದವರು ಗೋವೆಗೆ. ಪಾತ್ರೆ, ಹಾಸಿಗೆ, ಕೋಳಿಗಳ ಜೊತೆ ನನ್ನ ಎರಡನೆಯ ಇಯತ್ತೆಯೂ ಮೂರನೆಯ ಇಯತ್ತೆಯೂ ಲಾರಿ ಹತ್ತುತ್ತಿದ್ದವು. ಹೋಳಿಗೆ ತಿರುಗಿ ಬರುವಷ್ಟರಲ್ಲಿ ಮಕ್ಕಳು ಅಕ್ಷರ ಮರೆತಿರುತ್ತಿದ್ದವು, ಅದರೊಡನೆ ಕನ್ನಡವನ್ನೂ. ಮನೆಯಲ್ಲಿ ಆಡುವುದು ಗೋರ್‌ಬೋಲಿಯಲ್ಲವೇ? ಎರಡು ಮೂರು ವರ್ಷ ಹೀಗೆ ಹೋಗಿ ಬಂದ ಹುಡುಗ ನಾಲ್ಕನೆಯ ವರ್ಷ ಶಾಲೆಯ ಕಡೆಗೆ ಮುಖ ಹಾಕುವುದಿಲ್ಲ. ಹುಡುಗಿಯಾದರೆ ಅಷ್ಟರಲ್ಲಿ ತಂಗಿಯನ್ನು ಎತ್ತಿಕೊಳ್ಳುವ ಕೆಲಸಕ್ಕೆ ನಿಂತಿರುತ್ತಾಳೆ.

2003ರ ನಡುವಿನಲ್ಲಿ ಅಕ್ಷರ ದಾಸೋಹ ನಮ್ಮ ಕಡೆಗೂ ಬಂದಿತ್ತು. ಮಧ್ಯಾಹ್ನದ ಊಟ ಶಾಲೆಯಲ್ಲಿಯೇ ಸಿಗುವಂತಾದ ಮೇಲೆ ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಬಿಟ್ಟುಹೋಗಬಾರದೇಕೆ ಎಂದು ನಾಯಕರ ಮುಂದೆ ಪ್ರಸ್ತಾಪ ಮಾಡಿದೆ. ಅವರು ಕಂಬಳಿಯ ಮೇಲೆ ಕುಳಿತು ಬಹಳ ಹೊತ್ತು ಬೀಡಿ ಸೇದಿ ಹೇಳಿದರು: "ಮಾಸ್ತರ, ನನಗ ಒಬ್ಬನಿಗೆ ಹೇಳಿದ್ರ ಒಬ್ಬ ಕೇಳಿದಂಗಾತು. ನಸಾಬಿನ್ಯಾಗ ಹೇಳ್ರಿ."

ನಸಾಬ್ ಸೇರಿತು. ಎರಡು ರಾತ್ರಿ ನಡೆಯಿತು. ನನ್ನ ಮಾತಿಗೆ ಯಾರೂ ವಿರೋಧ ಹೇಳಲಿಲ್ಲ. ಬದಲಾಗಿ ಕೇಳಿದ ಪ್ರಶ್ನೆಗಳು ಒಂದೊಂದೂ ನೆಲದ ಮೇಲಿನವು. ಮುದುಕರಿಗೆ ರೇಷನ್ ಯಾರು ಕೊಡುತ್ತಾರೆ? ಕಾರ್ಡಿನ ಯಜಮಾನ ಬಾರದಿದ್ದರೆ ಊರಿನ ಅಂಗಡಿಯಲ್ಲಿ ಗೋಧಿ ಸಿಗುತ್ತಿರಲಿಲ್ಲ. ಬೋರಿನ ಕೈಪಂಪು ಕೆಟ್ಟು ನಾಲ್ಕು ತಿಂಗಳಾಗಿತ್ತು, ಅಜ್ಜಿಯರು ಮೈಲಿ ದೂರದಿಂದ ನೀರು ಹೊರಬಲ್ಲರೇ? ರಾತ್ರಿ ಮಕ್ಕಳು ಮಲಗುವುದೆಲ್ಲಿ? ತಾಯಂದಿರಿಗೆ ಹತ್ತಿರದಲ್ಲೇ ದುಡಿಮೆ ಸಿಗಬಹುದೇ? ಈ ಕೊನೆಯ ಪ್ರಶ್ನೆಗೆ ಉತ್ತರ ಹೆಂಗಸರ ಕಡೆಯಿಂದಲೇ ಬಂದಿತು, ಅದೂ ಕತ್ತಲಲ್ಲಿ ಹಿಂದೆ ನಿಂತಿದ್ದ ಒಬ್ಬಾಕೆಯಿಂದ. ಬ್ಯಾಡಗಿ ಪೇಟೆಯಲ್ಲಿ ಸಂಕ್ರಾಂತಿಯ ನಂತರ ಮೆಣಸಿನಕಾಯಿಯ ಆವಕ ಏರುತ್ತದೆ. ತೊಟ್ಟು ಬಿಡಿಸುವ ಕೆಲಸಕ್ಕೆ ಬೇಸಿಗೆಯವರೆಗೂ ಹೆಂಗಸರು ಬೇಕು. ಕೈ ಉರಿಯುತ್ತದೆ, ಕಣ್ಣು ಉರಿಯುತ್ತದೆ, ಕೂಲಿ ಕಬ್ಬಿನಷ್ಟಿಲ್ಲ. ಆದರೆ ಬೆಳಗ್ಗೆ ಹೋದವರು ಸಂಜೆಗೆ ಮನೆಗೆ ಬರುತ್ತಾರೆ.

ಈ ಪ್ರಶ್ನೆಗಳಲ್ಲಿ ಮಕ್ಕಳನ್ನು ಬಿಟ್ಟುಹೋಗುವುದೊಂದು ಮಾತ್ರ ನಾಯಕರ ಕೈಯಲ್ಲಿತ್ತು. ರೇಷನ್ನು, ಕೈಪಂಪು, ಬಾಗಿಲು ಹಾಕಿಕೊಂಡಿದ್ದ ಸಮುದಾಯ ಭವನ ಇವೆಲ್ಲ ಪಂಚಾಯ್ತಿಯವರ ಕೈಯಲ್ಲಿ ಅಥವಾ ಅವರ ಮಾತು ನಡೆಯುವಲ್ಲಿ ಇದ್ದವು. ಪಂಚಾಯ್ತಿಯವರಿಗಾದರೂ ತಾಂಡಾದ ಮನೆಗಳಿಗೆ ಹೋಗಿ "ಮಕ್ಕಳನ್ನು ಬಿಟ್ಟು ಹೋಗಿ" ಎಂದು ಹೇಳುವ ಬಾಯಿಯಿರಲಿಲ್ಲ. ಹೇಳಿದರೂ ಕೇಳುವವರಿರಲಿಲ್ಲ. ಅಧ್ಯಕ್ಷರು ಊರಿನ ಹಿರಿಯ ಮನೆತನದವರು, ಸ್ವಲ್ಪ ಗಡಸು ಮಾತಿನವರು, ಆದರೆ ಕೆಲಸ ತಿಳಿದವರು. ಕಾರ್ಯದರ್ಶಿಯನ್ನು ಮೂರು ಸಲ ತಾಂಡಾಕ್ಕೆ ಕಳುಹಿಸಿದ ಮೇಲೆ ನಾಯಕರು ರುಮಾಲು ಸುತ್ತಿಕೊಂಡು, ಡಾವನನ್ನೂ ಕಾರಭಾರಿಯನ್ನೂ ಕರೆದುಕೊಂಡು ಪಂಚಾಯ್ತಿ ಕಚೇರಿಗೆ ಬಂದರು.

ಮಾತುಕತೆ ಚಹಾ ಮುಗಿಯುವುದರೊಳಗೆ ಮುಗಿಯಿತು. ಪಂಚಾಯ್ತಿಯವರು ಕೈಪಂಪು ರಿಪೇರಿ ಮಾಡಿಸಿ ಸಮುದಾಯ ಭವನವನ್ನು ಮಕ್ಕಳ ರಾತ್ರಿವಸತಿಗೆ ಬಿಟ್ಟುಕೊಡುವುದು. ಅಂಗಡಿಯವರಿಗೆ ಹೇಳಿ ಮುದುಕರ ಕೈಗೆ ರೇಷನ್ ಕೊಡಿಸುವುದು. ಯಾವ ಮನೆಯ ಯಾವ ಮುದುಕಿ ಎಂಬುದಕ್ಕೆ ನಾಯಕರ ಮಾತೇ ಸಾಕ್ಷಿ. ಶಾಲೆಗೆ ಹೆಸರು ಹಚ್ಚಿದ ಮಗುವನ್ನು ಕಬ್ಬಿಗೆ ಕರೆದೊಯ್ದವರಿಗೆ ನಸಾಬಿನಿಂದ ದಂಡ. ಆ ದಂಡದ ಹಣ ಭವನದ ದೀಪದ ಖರ್ಚಿಗೆ.

ತೊಡಕು ಬಂದದ್ದು ಠರಾವು ಬರೆಯುವಾಗ. ನಾಯಕರ ಹೆಬ್ಬೆಟ್ಟಿನ ಕೆಳಗೆ ಏನೆಂದು ಬರೆಯಬೇಕು? ಕಾರ್ಯದರ್ಶಿ ಪೆನ್ನು ಎತ್ತಿ ಹಿಡಿದು ಹೇಳಿದ: "ನಾಯಕ ಅನ್ನೂ ಹುದ್ದೆ ನಮ್ಮ ಕಾಯ್ದೆದಾಗ ಇಲ್ರಿ."

ನಾಯಕರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಇಲ್ಲದವನ್ನ ಕರಿಯಾಕ ಮೂರು ಸಲ ಮನಿ ತನಕ ಯಾಕ ಬಂದಿ ತಮ್ಮಾ?" ಎಂದರು.

ಕಚೇರಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ತಾಂಡಾದ ಹಿರಿಯರು" ಎಂದು ಬರೆಯಬಹುದೆಂದು ಯಾರೋ ಅಂದರು. ಕಡೆಗೆ ಅಧ್ಯಕ್ಷರೇ, "ನಾಯಕರು ಅಂತನ ಬರಿ. ಆಡಿಟ್‌ನವರು ಕೇಳಿದ್ರ ನಾ ಹೇಳ್ತೀನಿ" ಎಂದುಬಿಟ್ಟರು. ನಾಯಕರು ಠರಾವಿನ ಒಂದು ನಕಲು ಕೇಳಿ ಪಡೆದು, ಗುಡಿಯ ಟ್ರಂಕಿನಲ್ಲಿ ಸೇವಾಲಾಲರ ಬಿಳಿಯ ಬಾವುಟದ ಕೆಳಗೆ ಇರಿಸಿದರು.

ಆ ವರ್ಷ ಎಲ್ಲ ಮಕ್ಕಳೂ ಉಳಿದರೆಂದು ಬರೆದರೆ ಸುಳ್ಳಾದೀತು. ಮುಕಾದಮನಿಂದ ಮುಂಗಡ ತಿಂದವರು ಮೊದಲು ಲಾರಿ ಹತ್ತಲೇಬೇಕಾಗಿತ್ತು, ಹಾಲು ಕುಡಿಯುವ ಕೂಸುಗಳ ಜೊತೆ ಅವುಗಳ ಅಕ್ಕಂದಿರೂ ಹೋದರು. ಆದರೂ ನನ್ನ ಹಾಜರಿ ಪುಸ್ತಕದಲ್ಲಿ ಡಿಸೆಂಬರ್ ತಿಂಗಳ ಪುಟ ಮೊದಲ ಬಾರಿಗೆ ಅರ್ಧಕ್ಕಿಂತ ಹೆಚ್ಚು ತುಂಬಿತು. ರಾತ್ರಿ ಭವನದಲ್ಲಿ ಅಜ್ಜಿಯರು ಗೋರ್‌ಬೋಲಿಯಲ್ಲಿ ಕಥೆ ಹೇಳುತ್ತಿದ್ದರು, ಬೆಳಗ್ಗೆ ಅವನ್ನೇ ಮಕ್ಕಳಿಂದ ಕನ್ನಡದಲ್ಲಿ ಹೇಳಿಸುತ್ತಿದ್ದೆ. ಇಷ್ಟು ಒಳ್ಳೆಯ ಭಾಷಾಪಾಠ ನನ್ನ ಸೇವಾವಧಿಯಲ್ಲಿ ಬೇರೆ ನಡೆದಿಲ್ಲ. 2008ರಲ್ಲಿ ಉದ್ಯೋಗ ಖಾತ್ರಿ ಯೋಜನೆ ನಮ್ಮ ಜಿಲ್ಲೆಗೂ ಬಂದಾಗ ಕೆಲಸಕ್ಕೆ ಹೆಸರು ಬರೆಸುವ ಕಾರ್ಯವೂ ಇದೇ ದಾರಿಯಲ್ಲಿ ನಡೆಯಿತು. ಕಾರಭಾರಿ ಮನೆಮನೆಗೆ ಹೋದ, ಪಂಚಾಯ್ತಿಯವರು ಬಂದು ಬರೆದುಕೊಂಡರು.

ತಾಂಡಾದ ಸರ್ಕಾರವನ್ನು ಹೊಗಳುತ್ತಿದ್ದೇನೆಂದು ಓದುಗ ಮಿತ್ರರು ತಿಳಿಯಬಾರದು. ನಾಯಕತನ ತಂದೆಯಿಂದ ಮಗನಿಗೆ ಬರುತ್ತದೆ, ಮಗ ಎಂಥವನಾದರೂ ಸರಿ. ನಸಾಬಿನಲ್ಲಿ ಹೆಂಗಸರಿಗೆ ಆಸನವಿರಲಿಲ್ಲ. ಬ್ಯಾಡಗಿಯ ದಾರಿ ತೋರಿಸಿದ ಆ ಹೆಣ್ಣುಮಗಳು 2005ರ ಚುನಾವಣೆಯಲ್ಲಿ ಮಹಿಳಾ ಮೀಸಲಾತಿಯಿಂದ ಪಂಚಾಯ್ತಿ ಸದಸ್ಯೆಯಾದಳು. ಹಂಚಿನ ಕಟ್ಟಡದಲ್ಲಿ ಕುರ್ಚಿಯ ಮೇಲೆ ಕೂಡುತ್ತಿದ್ದವಳು ತಾಂಡಾಕ್ಕೆ ಬಂದರೆ ಮತ್ತೆ ಕತ್ತಲಲ್ಲಿ ಹಿಂದೆ ನಿಲ್ಲಬೇಕಾಗಿತ್ತು. ಒಂದು ಸಂಜೆ ಆಕೆ ನೇರವಾಗಿ ಮುಂದೆ ಬಂದು ಕಾರಭಾರಿಯ ಪಕ್ಕದಲ್ಲಿಯೇ ಕುಳಿತಳಂತೆ. ಏಳೆಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲವಂತೆ. ಇದನ್ನು ನನಗೆ ಹೇಳಿದವರು ನಾಯಕರೇ. ಹೇಳುವಾಗ ಅವರ ಮುಖದಲ್ಲಿ ಇದ್ದುದು ಬೇಸರವೋ ಹೆಮ್ಮೆಯೋ ಇಂದಿಗೂ ನಿರ್ಣಯಿಸಲಾರೆ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಇದನ್ನೆಲ್ಲ ಕೇಳಿ, ಅಲ್ಲಿಯ ಒಂದು ಸಂಗತಿಯನ್ನು ತಿಳಿಸಿದ. ಆ ದೇಶದಲ್ಲಿ ಮೂಲನಿವಾಸಿ ಬುಡಕಟ್ಟುಗಳಿಗೆ ಕಾನೂನು ಒಪ್ಪಿದ ಸ್ವಂತ ಸರ್ಕಾರಗಳಿವೆ. ಪಕ್ಕದಲ್ಲಿ, ನಮ್ಮ ಜಿಲ್ಲೆಯನ್ನು ಹೋಲುವ ಕೌಂಟಿ ಸರ್ಕಾರ. ವಾಷಿಂಗ್ಟನ್ ರಾಜ್ಯದ ಸ್ವಿನೋಮಿಶ್ ಬುಡಕಟ್ಟಿಗೆ 1855ರ ಒಪ್ಪಂದದಿಂದ ಉಳಿದ ನೆಲ ಮುಂದೆ ತುಂಡುತುಂಡಾಗಿ ಹೊರಗಿನವರ ಕೈಗೂ ಹೋಯಿತು. ಪಗಡೆಯ ಹಾಸಿನಂತೆ ಒಂದು ಮನೆ ಇವರದು, ಒಂದು ಮನೆ ಅವರದು. ಕಟ್ಟಡ ಕಟ್ಟಲು ಯಾರ ಪರವಾನಗಿ ಎಂಬ ತಕರಾರು ಬೆಳೆದಾಗ ಬುಡಕಟ್ಟಿನವರೂ ಸ್ಕ್ಯಾಗಿಟ್ ಕೌಂಟಿಯವರೂ 1980ರ ದಶಕದ ಉತ್ತರಾರ್ಧದಲ್ಲಿ ಒಂದೇ ಮೇಜಿಗೆ ಕುಳಿತು ಭೂಬಳಕೆಯ ಯೋಜನೆಯನ್ನು ಜಂಟಿಯಾಗಿ ಸಿದ್ಧಪಡಿಸತೊಡಗಿದರು. ಓದುತ್ತಿದ್ದಂತೆ ನನಗೆ ನಮ್ಮ ಕಾರ್ಯದರ್ಶಿಯ ಎತ್ತಿ ಹಿಡಿದ ಪೆನ್ನು ನೆನಪಾಯಿತು. ಅಲ್ಲಿ ಸಹಿಯ ಕೆಳಗೆ ಏನು ಬರೆಯಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ.

ನಮ್ಮಲ್ಲಿಯೂ ಕಾಯ್ದೆ ಬದಲಾಗಿದೆ. 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮವಾಯಿತು. ಭೂಸುಧಾರಣಾ ಕಾಯ್ದೆಯ 38-ಎ ಕಲಮಿಗೆ 2017ರಲ್ಲಿ ಬಂದ ತಿದ್ದುಪಡಿ, ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳಲ್ಲಿ ಮನೆ ಕಟ್ಟಿಕೊಂಡವರಿಗೆ ಆ ಜಾಗದ ಹಕ್ಕು ಕೊಡುವ ದಾರಿ ತೆರೆಯಿತು. ತಾಂಡಾಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸುವ ಕೆಲಸವೂ ನಡೆಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯವರು ಐವತ್ತು ಸಾವಿರಕ್ಕೂ ಹೆಚ್ಚು ಹಕ್ಕುಪತ್ರಗಳ ವಿತರಣೆಗೆ ಚಾಲನೆ ಕೊಟ್ಟರು. ತಲೆತಲಾಂತರದಿಂದ ಬಾಳಿದ ಮನೆಗೆ ಉತಾರವೇ ಇಲ್ಲದೆ ಬ್ಯಾಂಕಿನ ಮೆಟ್ಟಿಲು ಹತ್ತಲಾಗದಿದ್ದವರಿಗೆ ಅದು ಎಷ್ಟು ದೊಡ್ಡದೆಂದು ಉತಾರವಿದ್ದವರಿಗೆ ತಿಳಿಯುವುದು ಕಷ್ಟ.

ನನ್ನ ತಾಂಡಾದಲ್ಲಿಯೂ ಅಳತೆಯವರು ಬಂದು ಸರಪಳಿ ಹಿಡಿದರು. ಮನೆಗಳು ಮನೆಯವರ ಹೆಸರಿಗೆ ಬಂದವು. ಗುಡಿಯ ಮುಂದಿನ ಬಯಲು ಮಾತ್ರ ನಕಾಶೆಯಲ್ಲಿ ಖುಲ್ಲಾ ಜಾಗವೆಂದು ದಾಖಲಾಯಿತು. ಖುಲ್ಲಾ ಜಾಗವೆಂದರೆ ಪಂಚಾಯ್ತಿಯ ಜಾಗ, ನಾಳೆ ಅಲ್ಲಿ ಮಳಿಗೆಗಳನ್ನು ಕಟ್ಟಿ ಬಾಡಿಗೆಗೆ ಕೊಡಲೂಬಹುದು. ಹಳೆಯ ನಾಯಕರು ಈಗಿಲ್ಲ. ಅವರ ಮಗ, ಹತ್ತನೆಯ ಇಯತ್ತೆ ಓದಿದವನು, ಆ ಬಯಲು ನಸಾಬಿನದು, ಅದನ್ನು ಹಾಗೆಯೇ ದಾಖಲಿಸಬೇಕು ಎಂದು ಅರ್ಜಿ ಬರೆದ. ಆಧಾರವಾಗಿ ಲಗತ್ತಿಸಲು ಏನಿದೆ ಎಂದು ಹುಡುಕಿದಾಗ ಗುಡಿಯ ಟ್ರಂಕಿನಿಂದ 2003ರ ಆ ನಕಲು ಹೊರಬಂದಿತು. ಅದರಲ್ಲಿ ಸಮುದಾಯ ಭವನದ ಗುರುತು ಹೇಳುವಾಗ ಕಾರ್ಯದರ್ಶಿ "ನಾಯಕರ ಸಭೆ ಕೂಡುವ ಬಯಲಿನ ಪಡುವಲಕ್ಕೆ" ಎಂದು ಬರೆದಿದ್ದ. ಈ ಸಲದ ಅಧ್ಯಕ್ಷೆ ತಾಂಡಾದ ಹೆಣ್ಣುಮಗಳಲ್ಲ, ಊರಿನವರು. ಆದರೂ ಪಂಚಾಯ್ತಿಯ ಅಭ್ಯಂತರವಿಲ್ಲವೆಂದು ಅರ್ಜಿಯ ಮೇಲೆ ಬರೆದುಕೊಟ್ಟಿದ್ದಾರೆ. ಅರ್ಜಿ ಮೇಲಿನ ಕಚೇರಿಗೆ ಹೋಗಿದೆ. ಹೋದ ತೀಜ್ ಹಬ್ಬದಲ್ಲಿ ಹುಡುಗಿಯರು ಆ ಬಯಲಿನಲ್ಲಿಯೇ ಸಸಿಯ ಬುಟ್ಟಿಗಳನ್ನಿಟ್ಟು ಕುಣಿದರು.