ಹೊಳೆಗೆ ಬಿಟ್ಟ ಕಟ್ಟು

ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ಮೊಮ್ಮಗ ಕಂಪ್ಯೂಟರಿನ ಮುಂದೆ ಕುಳಿತು ಆಟವಾಡುತ್ತಿದ್ದ. ನಾನು ಹೋಗಿ ಹಿಂದೆ ನಿಂತೆ. ತೆರೆಯ ಮೇಲೊಂದು ಬೆಟ್ಟ, ಬೆಟ್ಟದ ಮೇಲೊಂದು ಮಠ, ಮಠದೊಳಗೆ ಮುಸುಕು ಹೊದ್ದ ಸನ್ಯಾಸಿಗಳು. ಲೋಕವೆಲ್ಲ ಮರೆತ ವಿದ್ಯೆಯನ್ನು ಹೊತ್ತಗೆಗಳಲ್ಲಿ ಕಾಪಾಡಿಕೊಂಡು ಬರುವುದೇ ಅವರ ವ್ರತವಂತೆ. ಒಂದು ಹೊತ್ತಗೆ ಕೈತಪ್ಪಿದರೂ ರಾಜ್ಯಕ್ಕೆ ಕೇಡಂತೆ.

"ಮುತ್ಯಾ, ಇಂಥಾ ಮಠ ಖರೇನ ಇದ್ದುವೇನು?" ಎಂದ.

ನಾನು ಪಿಂಚಣಿ ಪಡೆಯುವ ಮಾಸ್ತರ. ಇಂಥ ಪ್ರಶ್ನೆ ಸಿಕ್ಕರೆ ಬಿಡುವೆನೆ? "ನಮ್ಮ ಜಿಲ್ಲಾದಾಗನ ಇದ್ದುವಪಾ" ಎಂದು ಸುರು ಮಾಡಿದೆ.

ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಒಂದು ಘಟಿಕಾಸ್ಥಾನವಿತ್ತು. ಅಲ್ಲಿಯ 1058ರ ಶಾಸನ ವೇದ ಓದುವ 200 ವಿದ್ಯಾರ್ಥಿಗಳ ಲೆಕ್ಕ ಹೇಳಿ, ಜೊತೆಗೆ 6 ಮಂದಿ ಸರಸ್ವತೀಭಂಡಾರಿಗರಿದ್ದರೆಂದು ಹೇಳುತ್ತದೆ. ಗ್ರಂಥ ಕಾಯುವುದೇ ಅವರ ಉದ್ಯೋಗ. ಮುಂದಿನ ಶತಮಾನದಲ್ಲಿ, ಕಲ್ಯಾಣದ ಗಲಭೆಯಲ್ಲಿ ಶರಣರು ಚದುರಿದರು; ವಚನಗಳೂ ಚದುರಿದುವು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಎಂದರೆ ಹದಿನೈದನೆಯ ಶತಮಾನದಲ್ಲಿ, ವಿರಕ್ತರು ಅವನ್ನು ಹುಡುಕಿ, ಕೂಡಿಸಿ, ಪ್ರತಿ ಮಾಡಿದರು. ಶಿವಗಣಪ್ರಸಾದಿ ಮಹಾದೇವಯ್ಯ ಅವನ್ನೇ ಸಂವಾದವಾಗಿ ಹೆಣೆದು 'ಶೂನ್ಯಸಂಪಾದನೆ'ಯನ್ನು ಕೊಟ್ಟ. ನಮ್ಮ ಜೇವರ್ಗಿಯ ಷಣ್ಮುಖಸ್ವಾಮಿಗಳು ಹದಿನೇಳನೆಯ ಶತಮಾನದಲ್ಲಿ 'ಅಖಂಡೇಶ್ವರ'ನ ಹೆಸರಿನಲ್ಲಿ ಮತ್ತೆ ವಚನ ನುಡಿದರೆಂದರೆ, ನಡುವಿನವರು ಆ ದೀಪಕ್ಕೆ ಎಣ್ಣೆ ಹೊಯ್ದಿದ್ದರಿಂದಲೇ.

ಓಲೆ ಕಾಯುವುದು ಸಣ್ಣ ಕೆಲಸವಲ್ಲ. ಕಂಟದಿಂದ ಗರಿಯ ಮೇಲೆ ಅಕ್ಷರ ಕೊರೆಯಬೇಕು, ಮಸಿ ಸವರಬೇಕು, ದಾರ ಪೋಣಿಸಿ ಹಲಗೆಗಳ ನಡುವೆ ಕಟ್ಟಬೇಕು. ಎಷ್ಟು ಜೋಪಾನ ಮಾಡಿದರೂ ಗರಿ ಒಂದು ದಿನ ಮುರಿಯುವುದೇ. ಅಷ್ಟರೊಳಗೆ ಇನ್ನೊಬ್ಬ ಕುಳಿತು, ಓದಿ, ಹೊಸ ಗರಿಗೆ ಇಳಿಸಬೇಕು. ಕಾಪಾಡುವುದೆಂದರೆ ಬೀಗ ಹಾಕುವುದಲ್ಲ, ಮತ್ತೆ ಬರೆಯುವುದು.

ಹೀಗೆ ನನ್ನ ಪಾಠ ರಂಗೇರಿದಾಗ ಹುಡುಗ ಕೇಳಿದ: "ಮುತ್ಯಾ, ನಮ್ಮನಿಯಾಗ ಓಲೆ ಇದ್ದಿಲ್ಲೇನು?"

ಇತ್ತು. ನಮ್ಮದು ಅಫಜಲಪುರ ತಾಲೂಕಿನಲ್ಲಿ ಭೀಮೆಯ ದಂಡೆಯ ಊರು. ನಮ್ಮ ಆಯಿಯ ತವರು ಆಳಂದದ ಕಡೆ. ಮದುವೆಯಾಗಿ ಬರುವಾಗ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟನ್ನು ಅವಳು ತಂದಿದ್ದಳು. ಅದು ಜಗಲಿಯ ಮೇಲೆ ದೇವರ ಪಕ್ಕದಲ್ಲಿರುತ್ತಿತ್ತು. ಸೋಮವಾರಕ್ಕೊಮ್ಮೆ ವಿಭೂತಿ, ಹೂವು. ಸಣ್ಣವನಿದ್ದಾಗ ಒಮ್ಮೆ ಬಿಚ್ಚಹೋದೆ. "ಅದು ದ್ಯಾವರಪಾ, ಓದೂದಲ್ಲ" ಎಂದು ಆಯಿ ಕೈ ಹಿಡಿದಳು.

1968ರಲ್ಲಿ ಆಯಿ ಹೋದಳು. ಕಟ್ಟು ಬಿಚ್ಚಿ ನೋಡಿದರೆ ಅಂಚೆಲ್ಲ ಹುಳು ತಿಂದಿತ್ತು. ಮುಕ್ಕಾದದ್ದು ಮನೆಯಲ್ಲಿರಬಾರದೆಂದರು ಹಿರಿಯರು. ಗಾಣಗಾಪುರದ ಸಂಗಮಕ್ಕೆ ಒಯ್ದು ನಾನೇ ನೀರಿಗೆ ಬಿಟ್ಟೆ. ಆಳಂದದ ಕಡೆಯಿಂದ ಬರುವ ಅಮರ್ಜಾ ಅಲ್ಲಿ ಭೀಮೆಯನ್ನು ಕೂಡುತ್ತಾಳೆ. ತವರಿನಿಂದ ಬಂದದ್ದು ತವರಿನ ನೀರಿಗೇ ಸೇರಿತೆಂದು ಸಮಾಧಾನ ಪಟ್ಟುಕೊಂಡೆ. ನಾಲ್ಕಾರು ಗರಿ ಜೇವರ್ಗಿಯ ದಿಕ್ಕಿಗೆ ತೇಲಿಹೋದುವು.

ಆಗ ನಾನು ಅನಕ್ಷರಸ್ಥನಾಗಿದ್ದೆನೆ? ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ನನ್ನ ಮೇಜಿನ ಮೇಲಿತ್ತು. ಇಂಥದೇ ಕಟ್ಟುಗಳನ್ನು ಮನೆಮನೆಗೆ, ಮಠಮಠಕ್ಕೆ ತಿರುಗಿ ಕೂಡಿಸಿ, 1923ರಲ್ಲಿ ಅದನ್ನು ಅಚ್ಚು ಮಾಡಿದ್ದ ಆ ಪುಣ್ಯಾತ್ಮರು, ಅಚ್ಚುಕೂಟಕ್ಕಾಗಿ ಮನೆಯನ್ನೇ ಮಾರಿದವರು. ಅದನ್ನು ಮಕ್ಕಳಿಗೆ ಹೇಳಿ ಚಪ್ಪಾಳೆ ತಟ್ಟಿಸಿದವನೇ ಹೊಳೆಗೆ ಹೋದೆ!

ಆಯಿಯದು ತಪ್ಪೆನ್ನಲಾರೆ. ಅವಳಿಗೆ ಓದು ಬರುತ್ತಿರಲಿಲ್ಲ. ಬಂದಷ್ಟನ್ನು, ಹೂವಿಡುವುದನ್ನು, ತಪ್ಪದೆ ಮಾಡಿದಳು. ಕಡಕೋಳದ ಮಡಿವಾಳಪ್ಪನವರ ತತ್ವಪದಗಳಿಗೆ ಬೀಗವಿಲ್ಲ, ಜಗಲಿಯಿಲ್ಲ. ಚೆನ್ನೂರ ಜಲಾಲಸಾಹೇಬರಂಥ ಶಿಷ್ಯರು ಆ ದಾರಿಯಲ್ಲಿ ತಾವೂ ಹಾಡಿದರು. ಇಂದಿಗೂ ನಮ್ಮ ಕಡೆ ಏಕತಾರಿ ಹಿಡಿದವರು ಹಾಡುತ್ತಾರೆ. ಬಾಯಿಂದ ಬಾಯಿಗೆ ದಾಟಿದ್ದು ಉಳಿಯಿತು. ನಮ್ಮದು ಮುಟ್ಟದೆ ಕುಳಿತು ಮಣ್ಣಾಯಿತು.

ವಾಚಕರ ಮನೆಗಳಲ್ಲಿ ಅಂಥ ಕಟ್ಟೊಂದು ಇದ್ದರೂ ಇದ್ದೀತು. ಹೂವೇರಿಸಿರಿ, ಬೇಡವೆನ್ನೆ. ಒಮ್ಮೆ ಓದಬಲ್ಲವರಿಗೆ ತೋರಿಸಿರಿ.

ಎಲ್ಲ ಕೇಳಿದ ಹುಡುಗ ಆಟವನ್ನು ನಿಲ್ಲಿಸಿ ನನ್ನತ್ತ ತಿರುಗಿದ.

"ಅದರಾಗ ಏನ್ ಬರ್ದಿತ್ತು, ಮುತ್ಯಾ?"

ಐವತ್ತು ವರುಷಕ್ಕೂ ಮಿಕ್ಕಿ ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.